ಕ್ವಾಂಟಸ್ 72: ಆ ಎರಡು ಕುಸಿತಕ್ಕೆ ಕಾಸ್ಮಿಕ್ ಕಿರಣ ಕಾರಣವೇ?

2008ರ ಅಕ್ಟೋಬರ್ 7. ಸಿಂಗಾಪುರದಿಂದ ಆಸ್ಟ್ರೇಲಿಯಾದ ಪರ್ತ್‌ಗೆ ಹೊರಟ ಕ್ವಾಂಟಸ್ 72, ಅಂದರೆ ಆಸ್ಟ್ರೇಲಿಯಾದ ಕ್ವಾಂಟಸ್ ಕಂಪನಿಯ ವಿಮಾನ, ಹಿಂದೂ ಮಹಾಸಾಗರದ ಮೇಲೆ 37,000 ಅಡಿ ಎತ್ತರದಲ್ಲಿತ್ತು. ಏರ್‌ಬಸ್ ಎ330 ವಿಮಾನ, 303 ಪ್ರಯಾಣಿಕರು, 12 ಜನ ಸಿಬ್ಬಂದಿ. ಫಸ್ಟ್ ಆಫೀಸರ್ ಆಗಷ್ಟೇ ವಿರಾಮಕ್ಕೆ ಎದ್ದು ಹೋಗಿದ್ದರು. ಕಾಕ್‌ಪಿಟ್‌ನಲ್ಲಿ ಇದ್ದವರು ಕ್ಯಾಪ್ಟನ್ ಕೆವಿನ್ ಸಲಿವನ್ ಮತ್ತು ಸೆಕೆಂಡ್ ಆಫೀಸರ್. ಸಲಿವನ್ ಹಿಂದೆ ಅಮೆರಿಕದ ನೌಕಾಪಡೆಯಲ್ಲಿ ಯುದ್ಧವಿಮಾನ ಹಾರಿಸಿದವರು.

ಮಧ್ಯಾಹ್ನ 12:40ಕ್ಕೆ ಆಟೋಪೈಲಟ್ ತಾನಾಗಿಯೇ ಬಿಟ್ಟುಕೊಂಡಿತು. ಆಮೇಲೆ ಎಚ್ಚರಿಕೆಗಳ ಸುರಿಮಳೆ. ಒಂದು ಎಚ್ಚರಿಕೆ ವಿಮಾನ ಸ್ಟಾಲ್ ಆಗುತ್ತಿದೆ, ಅಂದರೆ ರೆಕ್ಕೆ ಎತ್ತುವ ಶಕ್ತಿ ಕಳೆದುಕೊಳ್ಳುತ್ತಿದೆ ಅನ್ನುತ್ತದೆ, ಇನ್ನೊಂದು ವೇಗ ಮಿತಿ ಮೀರಿದೆ ಅನ್ನುತ್ತದೆ. ನೇರವಾಗಿ ಹಾರುತ್ತಿರುವ ವಿಮಾನದಲ್ಲಿ ಇವೆರಡೂ ಒಟ್ಟಿಗೆ ನಿಜ ಆಗಲು ಸಾಧ್ಯವಿಲ್ಲ. ಅಂದರೆ ವಿಮಾನ ಸರಿಯಾಗಿದೆ, ಅದರ ಬಗ್ಗೆ ಮಾಹಿತಿ ಕೊಡುತ್ತಿರುವ ಯಾವುದೋ ಒಂದು ಕೆಟ್ಟಿದೆ ಅಂತ ಪೈಲಟ್‌ಗಳಿಗೆ ಗೊತ್ತಾಯಿತು. ಆದರೆ ಯಾವುದು?

12 ಗಂಟೆ 42 ನಿಮಿಷ 27 ಸೆಕೆಂಡಿಗೆ ವಿಮಾನ ಯಾರೂ ಹೇಳದೆ ಮೂಗು ತಗ್ಗಿಸಿತು. 8.4 ಡಿಗ್ರಿ ಕೆಳಗೆ. ಕೇಳಲು ಸಣ್ಣ ಸಂಖ್ಯೆ, ಆದರೆ ಅದು ಆದ ರಭಸಕ್ಕೆ ಒಳಗಿದ್ದವರಿಗೆ ಮೈನಸ್ 0.8 ಜಿ ಬಲ ತಗುಲಿತು, ಅಂದರೆ ಸುಮಾರಾಗಿ ತಮ್ಮ ತೂಕದಷ್ಟೇ ಬಲ, ಮೇಲ್ಮುಖವಾಗಿ. ಬೆಲ್ಟ್ ಹಾಕದವರು, ನಿಂತಿದ್ದವರು, ಟಾಯ್ಲೆಟ್‌ಗೆ ಹೋಗುತ್ತಿದ್ದವರು ಎಲ್ಲ ಹಾರಿ ಮೇಲ್ಛಾವಣಿಗೆ ಬಡಿದರು. ಸಲಿವನ್ ವಿಮಾನ ನಡೆಸುವ ಕೋಲನ್ನು, ಅಂದರೆ ಸೈಡ್‌ಸ್ಟಿಕ್ಕನ್ನು, ಹಿಂದಕ್ಕೆ ಎಳೆದರು, ಮೊದಲ ಕ್ಷಣಕ್ಕೆ ವಿಮಾನ ಕೇಳಲೇ ಇಲ್ಲ. ಸುಮಾರು 2 ಸೆಕೆಂಡಿನ ಬಳಿಕ ಮಾತು ಕೇಳಿತು. ಒಟ್ಟು ಸುಮಾರು 650 ಅಡಿ ಇಳಿದಾಗಿತ್ತು. ಮತ್ತೆ 37,000 ಅಡಿಗೆ ತಂದು, ಏನಾಯಿತು ಅಂತ ನೋಡುತ್ತಿರುವಾಗಲೇ 12:45ಕ್ಕೆ ಇನ್ನೊಮ್ಮೆ. ಈ ಸಲ 3.5 ಡಿಗ್ರಿ, 400 ಅಡಿ.

ಆಮೇಲೆ ಮೇಡೇ, ಅಂದರೆ ತುರ್ತು ಸ್ಥಿತಿ, ಘೋಷಿಸಿ, ಪಶ್ಚಿಮ ಆಸ್ಟ್ರೇಲಿಯಾದ ಲರ್ಮಂತ್ ಅನ್ನುವ ದೂರದ ವಾಯುನೆಲೆಯಲ್ಲಿ 13:32ಕ್ಕೆ ಇಳಿಸಿದರು. ಹಾರಾಟದ ಮಾಹಿತಿ ಕೊಡುವ ಒಂದು ಕಂಪ್ಯೂಟರ್ ಪೆಟ್ಟಿಗೆಯಿಂದ ಸುಳ್ಳು ಅಂಕಿಗಳು ಬರುತ್ತಲೇ ಇದ್ದವು, ಮೂರನೇ ಸಲ ಯಾವಾಗ ಮೂಗು ತಗ್ಗಿಸುತ್ತದೋ ಗೊತ್ತಿಲ್ಲ, ನೆಲಕ್ಕೆ ಹತ್ತಿರ ಬಂದಾಗ ಹಾಗಾದರೆ 400 ಅಡಿ ಕೂಡ ಇರುವುದಿಲ್ಲ. ಆ ಸ್ಥಿತಿಯಲ್ಲಿ ಇಳಿಸಿದ್ದು ನಿಜವಾಗಿಯೂ ದೊಡ್ಡ ಕೆಲಸ. 110 ಪ್ರಯಾಣಿಕರಿಗೆ, 9 ಸಿಬ್ಬಂದಿಗೆ ಗಾಯವಾಗಿತ್ತು, 12 ಜನರಿಗೆ ಗಂಭೀರವಾಗಿ. ಯಾರೂ ಸಾಯಲಿಲ್ಲ. ಕನಿಷ್ಠ 60 ಜನ ಸೀಟಿನಲ್ಲಿದ್ದೂ ಬೆಲ್ಟ್ ಹಾಕಿರಲಿಲ್ಲ.

ಈ ಪ್ರಕರಣವನ್ನು ಇಂಟರ್ನೆಟ್‌ನಲ್ಲಿ ಹುಡುಕಿದರೆ "ಸತ್ತ ನಕ್ಷತ್ರದಿಂದ ಬಂದ ಕಣ ವಿಮಾನವನ್ನು ಬೀಳಿಸಿತು" ಅನ್ನುವ ಥರದ ಕಥೆಗಳು ಬೇಕಾದಷ್ಟು ಸಿಗುತ್ತವೆ. ಆಸ್ಟ್ರೇಲಿಯಾದ ಸಾರಿಗೆ ಸುರಕ್ಷತಾ ಸಂಸ್ಥೆ ಎಟಿಎಸ್‌ಬಿ ಮೂರು ವರ್ಷ ತನಿಖೆ ಮಾಡಿ 2011ರ ಡಿಸೆಂಬರ್‌ನಲ್ಲಿ ಕೊಟ್ಟ ವರದಿ ಹಾಗೆ ಹೇಳುವುದಿಲ್ಲ. ಅದು ಹೇಳುವುದು ಇನ್ನೂ ಕುತೂಹಲದ ವಿಷಯ. ಅದನ್ನೇ ಇಲ್ಲಿ ಬಿಡಿಸಿ ನೋಡೋಣ ಅಂತ ಹೊರಟಿದ್ದೇನೆ, ಯಾಕೆಂದರೆ ಖಗೋಳ ಭೌತವಿಜ್ಞಾನಕ್ಕೂ ವಿಮಾನಯಾನಕ್ಕೂ ಏನು ಸಂಬಂಧ ಅಂತ ಕೇಳುವವರಿಗೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಕಂಡಿಲ್ಲ.

ಮೊದಲು ಆ ಪೆಟ್ಟಿಗೆ. ಎ330ರಲ್ಲಿ ಎಡಿಐಆರ್‌ಯು ಅನ್ನುವ ಮೂರು ಕಂಪ್ಯೂಟರ್‌ಗಳಿವೆ. ಹೊರಗಿನ ಸೆನ್ಸರ್‌ಗಳಿಂದ, ಒಳಗಿನ ಜೈರೋಗಳಿಂದ ಮಾಹಿತಿ ತೆಗೆದುಕೊಂಡು ವೇಗ, ಎತ್ತರ, ದಿಕ್ಕು, ವಾಲಿಕೆ ಎಲ್ಲವನ್ನೂ ಲೆಕ್ಕ ಹಾಕಿ ಉಳಿದ ಕಂಪ್ಯೂಟರ್‌ಗಳಿಗೆ ಕಳಿಸುವುದು ಇವುಗಳ ಕೆಲಸ. ಹಾಗೆ ಕಳಿಸುವ ಅಂಕಿಗಳಲ್ಲಿ ಒಂದು ಆ್ಯಂಗಲ್ ಆಫ್ ಅಟ್ಯಾಕ್. ಎದುರು ಗಾಳಿಗೆ ರೆಕ್ಕೆ ಎಷ್ಟು ಎತ್ತಿಕೊಂಡಿದೆ ಅನ್ನುವ ಕೋನ ಅದು. ಜಾಸ್ತಿ ಆದರೆ ರೆಕ್ಕೆ ಎತ್ತುವ ಶಕ್ತಿ ಕಳೆದುಕೊಳ್ಳುತ್ತದೆ, ಅದೇ ಸ್ಟಾಲ್. ಆ ದಿನ ನಿಜವಾದ ಕೋನ ಸುಮಾರು 2.1 ಡಿಗ್ರಿ. ಒಂದನೇ ಪೆಟ್ಟಿಗೆ ನಡುನಡುವೆ ಕಳಿಸಿದ್ದು 50.625 ಡಿಗ್ರಿ. ಅಷ್ಟು ಕೋನದಲ್ಲಿ ಯಾವ ಪ್ರಯಾಣಿಕ ವಿಮಾನವೂ ಹಾರುವುದಿಲ್ಲ.

ಆ 50.625 ಎಲ್ಲಿಂದ ಬಂತು ಅನ್ನುವುದು ಇಡೀ ತನಿಖೆಯಲ್ಲಿ ನನಗೆ ತುಂಬಾ ಇಷ್ಟವಾದ ಭಾಗ. ವಿಮಾನದ ಕಂಪ್ಯೂಟರ್‌ಗಳ ನಡುವೆ ಮಾತುಕತೆ 32 ಬಿಟ್‌ಗಳ ತುಣುಕುಗಳಲ್ಲಿ ನಡೆಯುತ್ತದೆ, ಒಂದು ಬಿಟ್ ಅಂದರೆ ಒಂದು 0 ಅಥವಾ 1. ಪ್ರತಿ ತುಣುಕಿನಲ್ಲಿ ಎರಡು ಮುಖ್ಯ ಸಂಗತಿ: ಇದು ಯಾವ ಅಂಕಿ ಅನ್ನುವ ಲೇಬಲ್, ಆಮೇಲೆ ಆ ಅಂಕಿ. ಎತ್ತರವನ್ನು 1,31,072 ಅಡಿಯ ಒಂದು ಭಾಗವಾಗಿ ಬರೆಯುತ್ತಾರೆ. ಕೋನವನ್ನು 180 ಡಿಗ್ರಿಯ ಒಂದು ಭಾಗವಾಗಿ ಬರೆಯುತ್ತಾರೆ. ಈಗ ಕ್ಯಾಲ್ಕುಲೇಟರ್ ತೆಗೆಯಿರಿ. ವಿಮಾನದ ಎತ್ತರ ಆಗ 37,012 ಅಡಿ. ಅದನ್ನು 1,31,072ರಿಂದ ಭಾಗಿಸಿ 180ರಿಂದ ಗುಣಿಸಿದರೆ ಸುಮಾರು 50.8 ಬರುತ್ತದೆ. ಫ್ಲೈಟ್ ರೆಕಾರ್ಡರ್ ಕೊನೆಯ ಬಿಟ್‌ಗಳನ್ನು ಬಿಟ್ಟು ದಪ್ಪ ಹೆಜ್ಜೆಯಲ್ಲಿ ಬರೆದುಕೊಳ್ಳುವುದರಿಂದ ಅದು 50.625 ಆಗಿ ಕೂತಿತು. ಅಂದರೆ ಪೆಟ್ಟಿಗೆ ಕಳಿಸಿದ ಅಂಕಿ ಕಸ ಅಲ್ಲ. ಅದು ವಿಮಾನದ ಎತ್ತರ. ಎತ್ತರದ ಅಂಕಿಗೆ ಕೋನದ ಲೇಬಲ್ ಅಂಟಿಕೊಂಡು ಹೊರಗೆ ಹೋಗಿತ್ತು, ಅಷ್ಟೇ.

ಇದು ತಿಳಿದ ಮೇಲೆ ತನಿಖೆಯ ದಾರಿಯೇ ಬದಲಾಯಿತು. ಸೆನ್ಸರ್ ಸರಿಯಾಗಿದೆ. ಲೆಕ್ಕ ಸರಿಯಾಗಿದೆ. ಲೆಕ್ಕ ಮುಗಿದ ಮೇಲೆ, ಲೇಬಲ್ ಮತ್ತು ಅಂಕಿಯನ್ನು ಜೋಡಿಸುವ ಜಾಗದಲ್ಲಿ, ಪೆಟ್ಟಿಗೆಯ ಪ್ರೊಸೆಸರ್ ಭಾಗದಲ್ಲಿ ಎಲ್ಲೋ ಎಡವಟ್ಟಾಗಿದೆ. ಆದರೆ ಪೆಟ್ಟಿಗೆ ತನ್ನನ್ನು ತಾನು ಪರೀಕ್ಷಿಸಿಕೊಂಡಾಗ ಎಲ್ಲವೂ ಸರಿ ಅಂದಿತು, ಆಮೇಲೆ ಲ್ಯಾಬ್‌ಗೆ ತಂದು ಬಿಸಿ ಮಾಡಿ, ತಣ್ಣಗೆ ಮಾಡಿ, ಅಲುಗಾಡಿಸಿ, ರೇಡಿಯೋ ಅಲೆಗಳನ್ನು ಹಾಯಿಸಿ ನೋಡಿದರೂ ಆ ತಪ್ಪು ಮತ್ತೆ ಕಾಣಿಸಲೇ ಇಲ್ಲ.

ಇನ್ನೊಂದು ಪ್ರಶ್ನೆ ಇದಕ್ಕಿಂತ ಮುಖ್ಯ. ಮೂರು ಪೆಟ್ಟಿಗೆ ಇರುವಾಗ ಒಂದರ ಸುಳ್ಳನ್ನು ವಿಮಾನ ನಂಬಿದ್ದು ಯಾಕೆ? ಮೂರು ಇಟ್ಟಿರುವುದೇ ಅದಕ್ಕಲ್ವಾ?

ವಿಮಾನದ ರೆಕ್ಕೆ ಬಾಲಗಳನ್ನು ಆಡಿಸುವ ಮುಖ್ಯ ಕಂಪ್ಯೂಟರ್‌ಗಳನ್ನು ಪೈಲಟ್‌ಗಳು ಪ್ರಿಮ್ ಅನ್ನುತ್ತಾರೆ. ಪ್ರಿಮ್ ಮೂರೂ ಪೆಟ್ಟಿಗೆಗಳ ಕೋನವನ್ನು ಹೋಲಿಸಿ ನೋಡುತ್ತದೆ, ಬಳಸುವುದು ಮಾತ್ರ ಒಂದು ಮತ್ತು ಎರಡರ ಸರಾಸರಿ. ಒಂದು ಅಂಕಿ ಇದ್ದಕ್ಕಿದ್ದಂತೆ ಉಳಿದವುಗಳಿಂದ ದೂರ ಹೋದರೆ ಅದನ್ನು ಬಿಟ್ಟು, ಹಿಂದಿನ ಸರಿಯಾದ ಅಂಕಿಯನ್ನೇ 1.2 ಸೆಕೆಂಡು ಹಿಡಿದುಕೊಳ್ಳುತ್ತದೆ. ತಪ್ಪು ಒಂದು ಸೆಕೆಂಡು ಬಿಡದೆ ಮುಂದುವರಿದರೆ ಆ ಪೆಟ್ಟಿಗೆಯ ಕೋನವನ್ನು ಇಡೀ ಪ್ರಯಾಣಕ್ಕೆ ಹೊರಗಿಡುತ್ತದೆ. ಚೆನ್ನಾಗಿಯೇ ಯೋಚಿಸಿ ಮಾಡಿದ ವ್ಯವಸ್ಥೆ. ಒಂದೇ ಒಂದು ತೂತು ಇತ್ತು. ಮೊದಲ ಸ್ಪೈಕ್, ಅಂದರೆ ಇದ್ದಕ್ಕಿದ್ದಂತೆ ಚಿಮ್ಮುವ ತಪ್ಪು ಅಂಕಿ, ಒಂದು ಸೆಕೆಂಡಿನೊಳಗೆ ಮಾಯವಾಗಬೇಕು, ಆಮೇಲೆ 1.2 ಸೆಕೆಂಡು ಮುಗಿದ ಆ ಕ್ಷಣಕ್ಕೆ ಸರಿಯಾಗಿ ಇನ್ನೊಂದು ಸ್ಪೈಕ್ ಬರಬೇಕು. ಆಗ ಪ್ರಿಮ್ ಹೊಸ ಅಂಕಿಯನ್ನು ತಕರಾರಿಲ್ಲದೆ ತೆಗೆದುಕೊಳ್ಳುತ್ತದೆ. 50.6 ಮತ್ತು 2.1ರ ಸರಾಸರಿ 26 ಡಿಗ್ರಿ. ವಿಮಾನ ಸ್ಟಾಲ್ ಆಗಿದೆ ಅಂತ ಪ್ರಿಮ್ ಅಂದುಕೊಂಡು ಕಾಪಾಡಲು ಹೊರಟಿತು. ಎರಡು ಬೇರೆ ಬೇರೆ ರಕ್ಷಣಾ ವ್ಯವಸ್ಥೆಗಳು ಸೇರಿ, ಒಂದು 4 ಡಿಗ್ರಿ ಇನ್ನೊಂದು 6 ಡಿಗ್ರಿ, ಮೂಗನ್ನು ಏರಿಳಿಸುವ ಬಾಲದ ಹಲಗೆ ಎಲಿವೇಟರನ್ನು 10 ಡಿಗ್ರಿ ತಿರುಗಿಸಿಬಿಟ್ಟವು.

ಎ330 ಮತ್ತು ಎ340 ವಿಮಾನಗಳು ಅಷ್ಟರಲ್ಲಿ ಒಟ್ಟು 2.8 ಕೋಟಿ ಗಂಟೆಗಿಂತ ಜಾಸ್ತಿ ಹಾರಿದ್ದವು. ಈ ತೂತಿನಿಂದ ವಿಮಾನ ಮೂಗು ತಗ್ಗಿಸಿದ್ದು ಅದೊಂದೇ ಸಲ.

ಈಗ ನಕ್ಷತ್ರಗಳ ವಿಷಯಕ್ಕೆ ಬರೋಣ.

ಪೆಟ್ಟಿಗೆ ಎಡವಿದ್ದಕ್ಕೆ ಏನು ಪ್ರಚೋದನೆ ಅಂತ ಎಟಿಎಸ್‌ಬಿ ಒಂದೊಂದಾಗಿ ನೋಡಿತು. ಸಾಫ್ಟ್‌ವೇರ್ ದೋಷ, ಸಾಫ್ಟ್‌ವೇರ್ ಹಾಳಾಗಿರುವುದು, ಹಾರ್ಡ್‌ವೇರ್ ಕೆಟ್ಟಿರುವುದು, ಶಾಖ ಮತ್ತು ಕಂಪನ, ವಿಮಾನದ ಒಳಗಿನ ಹೊರಗಿನ ರೇಡಿಯೋ ಅಲೆಗಳು. ಲರ್ಮಂತ್ ಹತ್ತಿರ ಎಕ್ಸ್‌ಮೌತ್‌ನಲ್ಲಿ ಜಲಾಂತರ್ಗಾಮಿಗಳ ಜೊತೆ ಮಾತಾಡಲು ಕಟ್ಟಿದ ದೈತ್ಯ ರೇಡಿಯೋ ನಿಲ್ದಾಣವೊಂದಿದೆ, 19.8 ಕಿಲೋಹರ್ಟ್ಸ್‌ನಲ್ಲಿ ಪ್ರಸಾರ ಮಾಡುವಂಥದ್ದು. ಪತ್ರಿಕೆಗಳಲ್ಲಿ ಎಲ್ಲರ ಕಣ್ಣೂ ಅದರ ಮೇಲೇ ಬಿದ್ದಿತ್ತು. ಪರೀಕ್ಷೆ ಮಾಡಿ ನೋಡಿದರೆ ಅದರಿಂದ ಆಗಿರುವ ಸಾಧ್ಯತೆ ತೀರಾ ಕಮ್ಮಿ. ಹೀಗೆ ಪ್ರತಿಯೊಂದರ ಮುಂದೆಯೂ "ಸಾಧ್ಯತೆ ಕಮ್ಮಿ" ಅಥವಾ "ತೀರಾ ಕಮ್ಮಿ" ಅಂತ ಬಂತು. ಒಂದರ ಮುಂದೆ ಮಾತ್ರ ಸಾಧ್ಯತೆ ಅಂದಾಜು ಮಾಡಲು ಸಾಕಷ್ಟು ಪುರಾವೆ ಇಲ್ಲ ಅಂತ ಬರೆದರು. ಅದು ಸಿಂಗಲ್ ಇವೆಂಟ್ ಎಫೆಕ್ಟ್, ಅಂದರೆ ಒಂದೇ ಒಂದು ಹೆಚ್ಚು ಶಕ್ತಿಯ ಕಣ ಚಿಪ್‌ಗೆ ಬಡಿದು ಬಿಟ್ ಬದಲಾಗುವುದು.

ಆ ಕಣದ ಪ್ರಯಾಣ ಬಹಳ ದೊಡ್ಡದು. ನಮ್ಮ ಸೂರ್ಯನಿಗಿಂತ ತುಂಬಾ ದೊಡ್ಡದಾದ ನಕ್ಷತ್ರಗಳು ಕೊನೆಗೆ ಸೂಪರ್‌ನೋವಾ ಆಗಿ ಸಿಡಿಯುತ್ತವೆ. ಸಿಡಿದ ಮೇಲೆ ಹೊರಕ್ಕೆ ನುಗ್ಗುವ ಆಘಾತದ ಅಲೆಯ ಆಚೆಗೂ ಈಚೆಗೂ ಕಾಂತಕ್ಷೇತ್ರಗಳು ಪ್ರೋಟಾನ್‌ಗಳನ್ನು ಪದೇ ಪದೇ ತಳ್ಳುತ್ತವೆ, ಪ್ರತಿ ಸಲ ದಾಟಿದಾಗಲೂ ಶಕ್ತಿ ಸ್ವಲ್ಪ ಏರುತ್ತದೆ, ಹಾಗೆ ಏರಿ ಏರಿ ಬೆಳಕಿನ ವೇಗದ ಹತ್ತಿರಕ್ಕೆ ಬಂದು ಕೊನೆಗೆ ತಪ್ಪಿಸಿಕೊಂಡು ಹೊರಡುತ್ತವೆ. ಇಂಥ ಕಣಗಳಿಗೇ ಕಾಸ್ಮಿಕ್ ಕಿರಣ ಅನ್ನುವುದು. ಅವು ಸೂಪರ್‌ನೋವಾದಿಂದ ಬರುತ್ತವೆ ಅಂತ 1934ರಲ್ಲೇ ಖಗೋಳ ವಿಜ್ಞಾನಿಗಳಾದ ಬಾಡೆ ಮತ್ತು ಜ್ವಿಕಿ ಹೇಳಿದ್ದರು. ಪ್ರೋಟಾನ್‌ಗಳು ಅಲ್ಲಿ ವೇಗ ಪಡೆಯುತ್ತವೆ ಅನ್ನುವುದಕ್ಕೆ ಗಟ್ಟಿ ಸಾಕ್ಷಿ ಸಿಕ್ಕಿದ್ದು 2013ರಲ್ಲಿ, ಫರ್ಮಿ ದೂರದರ್ಶಕ ಐಸಿ 443 ಮತ್ತು ಡಬ್ಲ್ಯೂ 44 ಅನ್ನುವ ಎರಡು ಸೂಪರ್‌ನೋವಾ ಅವಶೇಷಗಳ ಗಾಮಾ ಕಿರಣಗಳನ್ನು ನೋಡಿದಾಗ. ಈ ಪ್ರೋಟಾನ್‌ಗಳು ಗ್ಯಾಲಕ್ಸಿಯ ಕಾಂತಕ್ಷೇತ್ರದಲ್ಲಿ ದಿಕ್ಕು ತಪ್ಪಿ ಲಕ್ಷಾಂತರ ವರ್ಷ ಅಲೆಯುತ್ತವೆ. ಹಾಗಾಗಿ ಇಂಥದ್ದೇ ನಕ್ಷತ್ರದ ಕಣ ಇದು ಅಂತ ತೋರಿಸಲು ಯಾರಿಗೂ ಆಗುವುದಿಲ್ಲ.

ಭೂಮಿಗೆ ಬಂದ ಪ್ರೋಟಾನ್ ನೇರವಾಗಿ ವಿಮಾನಕ್ಕೆ ಬಡಿಯುವುದು ಅಪರೂಪ. ಅದು ಮೇಲಿನ ವಾತಾವರಣದಲ್ಲೇ ಸಾರಜನಕ ಅಥವಾ ಆಮ್ಲಜನಕದ ನ್ಯೂಕ್ಲಿಯಸ್‌ಗೆ ಗುದ್ದಿ ಒಡೆಯುತ್ತದೆ. ಅದರಿಂದ ಹುಟ್ಟಿದ ಕಣಗಳು ಇನ್ನಷ್ಟನ್ನು ಒಡೆಯುತ್ತವೆ. ಹೀಗೆ ಕಣಗಳ ಮಳೆಯೇ ಕೆಳಗಿಳಿಯುತ್ತದೆ. ಅದರಲ್ಲಿ ಚಿಪ್‌ಗಳಿಗೆ ಅಪಾಯ ತರುವವು ಮುಖ್ಯವಾಗಿ ನ್ಯೂಟ್ರಾನ್‌ಗಳು. ನ್ಯೂಟ್ರಾನ್‌ಗೆ ವಿದ್ಯುತ್ ಚಾರ್ಜ್ ಇಲ್ಲ, ವಿಮಾನದ ಅಲ್ಯುಮಿನಿಯಂ ಚರ್ಮವನ್ನು ಸಲೀಸಾಗಿ ದಾಟುತ್ತದೆ. ಎಲ್ಲೋ ಒಂದು ನ್ಯೂಟ್ರಾನ್ ಮೆಮೊರಿಯ ಸಿಲಿಕಾನ್ ನ್ಯೂಕ್ಲಿಯಸ್‌ಗೆ ಗುದ್ದಿದರೆ, ಆ ನ್ಯೂಕ್ಲಿಯಸ್ಸೇ ಜಾಗ ಬಿಟ್ಟು ಚಿಮ್ಮಿ ತನ್ನ ದಾರಿಯುದ್ದಕ್ಕೂ ಚಾರ್ಜ್ ಚೆಲ್ಲುತ್ತದೆ. ಆ ಚಾರ್ಜ್ ಸಾಕಷ್ಟಿದ್ದರೆ 0 ಇದ್ದದ್ದು 1 ಆಗುತ್ತದೆ. ಚಿಪ್ ಸುಡುವುದಿಲ್ಲ, ಗುರುತೂ ಉಳಿಯುವುದಿಲ್ಲ. ಪವರ್ ಆಫ್ ಮಾಡಿ ಆನ್ ಮಾಡಿದರೆ ಎಲ್ಲ ಮೊದಲಿನಂತೆ.

ಎತ್ತರಕ್ಕೆ ಹೋದಷ್ಟೂ ಈ ಮಳೆ ಜೋರು. ವಿಮಾನದ ಎಲೆಕ್ಟ್ರಾನಿಕ್ಸ್ ವಿನ್ಯಾಸ ಮಾಡುವವರು ಬಳಸುವ ಅಂತರರಾಷ್ಟ್ರೀಯ ಮಾನದಂಡದಲ್ಲಿ, 40,000 ಅಡಿ ಎತ್ತರದಲ್ಲಿ, 45 ಡಿಗ್ರಿ ಅಕ್ಷಾಂಶದಲ್ಲಿ, ಒಂದು ಚದರ ಸೆಂಟಿಮೀಟರ್ ಮೇಲೆ ಗಂಟೆಗೆ 6,000 ಹೆಚ್ಚು ಶಕ್ತಿಯ ನ್ಯೂಟ್ರಾನ್ ಅಂತ ಲೆಕ್ಕ ಹಿಡಿಯುತ್ತಾರೆ. ಸಮುದ್ರ ಮಟ್ಟದಲ್ಲಿ ಇದು ಹದಿಮೂರರ ಆಸುಪಾಸು. ವಿಕ್ಟರ್ ಹೆಸ್ 1912ರಲ್ಲಿ ಬಲೂನಿನಲ್ಲಿ 5,000 ಮೀಟರ್ ದಾಟಿ ಮೇಲೆ ಹೋಗಿ, ವಿಕಿರಣ ಏರುತ್ತಿದೆ, ಹಾಗಾಗಿ ಇದು ಆಕಾಶದಿಂದ ಬರುತ್ತಿದೆ ಅಂತ ತೋರಿಸಿದ್ದು ಇದೇ ಮಳೆಯನ್ನೇ.

ನಮ್ಮ ನಾಡಿಗೂ ಈ ಕಣಗಳಿಗೂ ಹಳೇ ನಂಟಿದೆ. ಹೋಮಿ ಭಾಭಾ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದಾಗ, ಎರಡನೇ ಮಹಾಯುದ್ಧದ ಕೊನೆಯ ಹೊತ್ತಿನಲ್ಲಿ, ಅಮೆರಿಕದ ವಾಯುಪಡೆಯ ವಿಮಾನದಲ್ಲಿ ಕಣಗಳನ್ನು ಎಣಿಸುವ ಗೈಗರ್ ಕೌಂಟರ್‌ಗಳನ್ನು ಇಟ್ಟು ಬೆಂಗಳೂರಿನ ಮೇಲೆ 30,000 ಅಡಿವರೆಗೆ ಅಳೆಸಿದರು. ಯಾಕೆ ಬೆಂಗಳೂರು? ಭೂಮಿಯ ಕಾಂತಕ್ಷೇತ್ರ ಕಾಂತೀಯ ಸಮಭಾಜಕದ ಹತ್ತಿರ ಕಡಿಮೆ ಶಕ್ತಿಯ ಕಣಗಳನ್ನು ತಿರುಗಿಸಿ ಕಳಿಸಿಬಿಡುತ್ತದೆ, ಧ್ರುವಗಳ ಕಡೆ ಬಿಟ್ಟುಕೊಡುತ್ತದೆ. ಉತ್ತರದ ದೇಶಗಳಲ್ಲಿ ಅಳೆದದ್ದನ್ನು ಇಲ್ಲಿ ಅಳೆದದ್ದಕ್ಕೆ ಹೋಲಿಸಿದರೆ ಕಣಗಳ ಶಕ್ತಿಯ ಬಗ್ಗೆ ತಿಳಿಯುತ್ತದೆ. ಆಮೇಲೆ ಕೋಲಾರದ ಚಿನ್ನದ ಗಣಿಯಲ್ಲಿ ಕೆಲಸ ನಡೆದದ್ದು ತದ್ವಿರುದ್ಧ ದಿಕ್ಕಿನಲ್ಲಿ. ಈ ಮಳೆಯಿಂದ ತಪ್ಪಿಸಿಕೊಳ್ಳಲು ಎರಡು ಕಿಲೋಮೀಟರಿಗೂ ಆಳಕ್ಕೆ ಇಳಿದು, 1965ರಲ್ಲಿ ವಾತಾವರಣದ ನ್ಯೂಟ್ರಿನೋಗಳನ್ನು, ಅಂದರೆ ಬಂಡೆಯನ್ನೂ ಸಲೀಸಾಗಿ ದಾಟುವ ಕಣಗಳನ್ನು, ಹಿಡಿದರು.

ಸರಿ, ಕ್ವಾಂಟಸ್ 72ಕ್ಕೆ ವಾಪಸ್. ಕಣವೇ ಕಾರಣ ಅನ್ನುವ ವಾದಕ್ಕೆ ಏನು ಬಲ ಇದೆ? ತಪ್ಪು ಗುರುತು ಬಿಡದೆ ಮಾಯವಾಯಿತು, ಪೆಟ್ಟಿಗೆಯನ್ನು ಆಫ್ ಮಾಡಿ ಆನ್ ಮಾಡಿದ ಮೇಲೆ ಸರಿಯಾಯಿತು, ಲ್ಯಾಬ್‌ನಲ್ಲಿ ಮತ್ತೆ ಬರಲಿಲ್ಲ, ಹಾರುತ್ತಿದ್ದದ್ದು ನ್ಯೂಟ್ರಾನ್‌ಗಳು ಜೋರಾಗಿರುವ ಎತ್ತರದಲ್ಲಿ. 2008ರ ಕೊನೆಗೆ ಸೂರ್ಯನ ಚಟುವಟಿಕೆ ತೀರಾ ಕೆಳಗಿತ್ತು. ಸೂರ್ಯ ಸುಮ್ಮನಿದ್ದಾಗ ಸೌರಮಾರುತದ ತಡೆ ಕಮ್ಮಿಯಾಗಿ ಗ್ಯಾಲಕ್ಸಿಯ ಕಣಗಳು ಜಾಸ್ತಿ ಒಳಗೆ ಬರುತ್ತವೆ. ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ಇಂಥ ಘಟನೆ ಆದ ಕೂಡಲೇ "ಸೌರ ಬಿರುಗಾಳಿ" ಅನ್ನುವವರೇ ಜಾಸ್ತಿ. ಇಲ್ಲಿ ಕಣವೇ ಕಾರಣವಾಗಿದ್ದರೂ ಸೂರ್ಯನ ಕಡೆ ಬೆರಳು ತೋರಿಸಲು ಬರುವುದಿಲ್ಲ. ಇನ್ನೊಂದು ಕಾಕತಾಳೀಯ: ವಿಮಾನ ಇಳಿದ ಲರ್ಮಂತ್‌ನಲ್ಲೇ ಒಂದು ಸೌರ ವೀಕ್ಷಣಾಲಯ ಇದೆ. ಸೂರ್ಯನನ್ನು ಬಿಡದೆ ನೋಡುವ ಗಾಂಗ್ ಜಾಲದಲ್ಲಿ ಅದೂ ಒಂದು, ನಮ್ಮ ಉದಯಪುರದ್ದೂ ಒಂದು.

ಇನ್ನು ವಿರುದ್ಧದ ಸಾಕ್ಷಿ. ಇದನ್ನು ಹೆಚ್ಚಿನ ಲೇಖನಗಳು ಹೇಳುವುದೇ ಇಲ್ಲ. ಈ ಮಾದರಿಯ ಪೆಟ್ಟಿಗೆಗಳು ಒಟ್ಟು 12.8 ಕೋಟಿ ಗಂಟೆಗಿಂತ ಜಾಸ್ತಿ ಕೆಲಸ ಮಾಡಿದ್ದವು. ಇಂಥ ಸ್ಪೈಕ್ ತಪ್ಪು ಕಂಡದ್ದು ಮೂರೇ ಸಲ. 2006ರ ಸೆಪ್ಟೆಂಬರ್ 12, 2008ರ ಅಕ್ಟೋಬರ್ 7, 2008ರ ಡಿಸೆಂಬರ್ 27. ಮೂರೂ ಎ330, ಮೂರೂ ಪರ್ತ್ ಮಾರ್ಗದವು. ಮೊದಲ ಎರಡರಲ್ಲಿ ವಿಮಾನವೂ ಅದೇ, ಪೆಟ್ಟಿಗೆಯೂ ಅದೇ, ಕ್ರಮಸಂಖ್ಯೆ ಸಮೇತ.

ಸ್ವಲ್ಪ ಯೋಚಿಸಿ. ಕಾಸ್ಮಿಕ್ ಕಿರಣಕ್ಕೆ ಪೆಟ್ಟಿಗೆಯ ಕ್ರಮಸಂಖ್ಯೆ ಗೊತ್ತಿಲ್ಲ. ಲೋಕದಲ್ಲಿ ಸಾವಿರಾರು ಪೆಟ್ಟಿಗೆಗಳು ಹಾರುತ್ತಿರುವಾಗ, ಮೂರರಲ್ಲಿ ಎರಡು ಸಲ ಅದೇ ಪೆಟ್ಟಿಗೆಗೆ ಸುಮ್ನೆ ಬಡಿಯುವುದು ಅಂದರೆ ನಂಬಲು ಬಹಳ ಕಷ್ಟ. ನ್ಯೂಟ್ರಾನ್‌ಗಳು ಇನ್ನೂ ದಟ್ಟವಾಗಿರುವ ಉತ್ತರ ಅಟ್ಲಾಂಟಿಕ್ ಮೇಲೆ, ಕೆನಡಾದ ಮೇಲೆ ದಿನಾ ಹಾರುವ ವಿಮಾನಗಳಲ್ಲಿ ಒಂದರಲ್ಲೂ ಇದು ಕಾಣಲಿಲ್ಲ. ಹಾಗಾಗಿ ನನ್ನ ಅಭಿಪ್ರಾಯ ಇದು: ಆ ಪೆಟ್ಟಿಗೆಯಲ್ಲಿ ಪರೀಕ್ಷೆಗೆ ಸಿಗದಷ್ಟು ಸಣ್ಣ ದೌರ್ಬಲ್ಯ ಯಾವುದೋ ಇದ್ದಿರಬೇಕು, ಅಂಚಿನಲ್ಲಿ ನಿಂತಂಥದ್ದು. ಅದನ್ನು ಅಂಚಿನಿಂದಾಚೆ ತಳ್ಳಿದ್ದು ಕಣ ಆಗಿರಬಹುದು, ಬೇರೇನೋ ಆಗಿರಬಹುದು. ಕಣವೊಂದೇ ಕಾರಣ ಅಂತ ಹೇಳಲು ಲೆಕ್ಕ ಒಪ್ಪುವುದಿಲ್ಲ. ಕಣದ ಪಾತ್ರವೇ ಇಲ್ಲ ಅನ್ನಲೂ ಆಗುವುದಿಲ್ಲ. ಎಟಿಎಸ್‌ಬಿ ಅಲ್ಲಿಗೆ ನಿಲ್ಲಿಸಿದ್ದು ಸರಿಯಾಗಿಯೇ ಇದೆ. ಗೊತ್ತಿಲ್ಲ ಅನ್ನುವುದನ್ನು ಅಷ್ಟು ದೊಡ್ಡ ವರದಿಯಲ್ಲಿ ನೇರವಾಗಿ ಬರೆಯಲು ಧೈರ್ಯ ಬೇಕು.

ಇದೇ ಥರದ ಇನ್ನೊಂದು ಪ್ರಸಿದ್ಧ ಘಟನೆ ನೆನಪಾಗುತ್ತದೆ. 2003ರ ಮೇ ತಿಂಗಳಲ್ಲಿ ಬೆಲ್ಜಿಯಂನ ಶಾರ್ಬೀಕ್‌ನಲ್ಲಿ ಚುನಾವಣೆಯಲ್ಲಿ ಒಬ್ಬ ಅಭ್ಯರ್ಥಿಗೆ 4,096 ಮತ ಹೆಚ್ಚಾಗಿ ಬಂದವು. 4,096 ಅಂದರೆ ಎರಡರ ಹನ್ನೆರಡನೇ ಘಾತ, ಒಂದೇ ಒಂದು ಬಿಟ್ ಬದಲಾದರೆ ಆಗುವ ವ್ಯತ್ಯಾಸ. ಅಲ್ಲಿ ಬಿಟ್ ಬದಲಾದದ್ದರ ಗುರುತು ಅಂಕಿಯಲ್ಲೇ ಇತ್ತು. ಕ್ವಾಂಟಸ್ 72ರಲ್ಲಿ ಅಂಥ ಗುರುತು ಸಿಗಲಿಲ್ಲ. ಎತ್ತರಕ್ಕೆ ಕೋನದ ಲೇಬಲ್ ಅಂಟಿದ್ದು ಕಂಡಿತು, ಅಂಟಿಸಿದ್ದು ಯಾರು ಅಂತ ಕಾಣಲಿಲ್ಲ.

ಹಾಗಾದರೆ ತನಿಖೆ ಸೋತಿತೇ? ಇಲ್ಲವೇ ಇಲ್ಲ. ಪ್ರಚೋದನೆ ಏನೇ ಇರಲಿ, ಒಂದು ಪೆಟ್ಟಿಗೆಯ ಸುಳ್ಳು ಬಾಲದವರೆಗೆ ತಲುಪಿದ್ದೇ ಅಪಘಾತ. ಅದು ಕಂಡಿತು, ಅದನ್ನು ಸರಿಪಡಿಸಲು ನಕ್ಷತ್ರಗಳ ಬಗ್ಗೆ ತೀರ್ಮಾನ ಬೇಕಾಗಲಿಲ್ಲ. ಏರ್‌ಬಸ್ ಮೊದಲು ಪೈಲಟ್‌ಗಳಿಗೆ ಇಂಥ ಪೆಟ್ಟಿಗೆಯನ್ನು ಹೇಗೆ ಆಫ್ ಮಾಡಬೇಕು ಅನ್ನುವ ಕ್ರಮ ಕೊಟ್ಟಿತು. ಡಿಸೆಂಬರ್ 27ರಂದು ಪರ್ತ್‌ನಿಂದ ಸಿಂಗಾಪುರಕ್ಕೆ ಹೊರಟ ವಿಮಾನದಲ್ಲಿ ತಪ್ಪು ಮತ್ತೆ ಬಂದಾಗ ಸಿಬ್ಬಂದಿ ಆ ಕ್ರಮ ಪಾಲಿಸಿ, ಯಾರಿಗೂ ಗಾಯವಾಗದೆ ಪರ್ತ್‌ಗೆ ವಾಪಸಾದರು. ಆಮೇಲೆ ಪ್ರಿಮ್‌ನ ಲೆಕ್ಕವನ್ನೇ ಬದಲಿಸಿ ಹೊಸ ಸಾಫ್ಟ್‌ವೇರ್ ಬಂತು. ಆ 1.2 ಸೆಕೆಂಡಿನ ತೂತು ಮುಚ್ಚಿತು. ಎಟಿಎಸ್‌ಬಿ ಇನ್ನೊಂದು ಮಾತೂ ಬರೆಯಿತು. ಬಿಟ್ ಬದಲಾಗುವ ಅಪಾಯದ ಬಗ್ಗೆ ವಿಮಾನಗಳಿಗೆ ಪ್ರಮಾಣಪತ್ರ ಕೊಡುವ ನಿಯಮಗಳಲ್ಲಿ ನಿರ್ದಿಷ್ಟವಾಗಿ ಏನೂ ಇರಲಿಲ್ಲ ಅಂತ. ವಿಮಾನದ ಮೆಮೊರಿಗಳಲ್ಲಿ ಹೀಗಾಗುತ್ತದೆ ಅಂತ ಸಂಶೋಧಕರಾದ ಟೇಬರ್ ಮತ್ತು ನಾರ್ಮಂಡ್ 1993ರಲ್ಲೇ ಅಳತೆ ಸಮೇತ ಪ್ರಕಟಿಸಿದ್ದರು. ಹದಿನೈದು ವರ್ಷವಾದರೂ ನಿಯಮ ಅದನ್ನು ಹೆಸರಿಸಿರಲಿಲ್ಲ ಅನ್ನುವುದು ನನಗೆ ಬೇಸರದ ಸಂಗತಿ.

ಹದಿನೇಳು ವರ್ಷದ ಮೇಲೆ ಇದೇ ಪ್ರಶ್ನೆ ಮತ್ತೆ ಎದ್ದಿತು. 2025ರ ಅಕ್ಟೋಬರ್ 30ರಂದು ಮೆಕ್ಸಿಕೋದ ಕಾನ್‌ಕುನ್‌ನಿಂದ ನೆವಾರ್ಕ್‌ಗೆ ಹೊರಟ ಜೆಟ್‌ಬ್ಲೂ ಎ320 ವಿಮಾನ ತಾನಾಗಿಯೇ ಮೂಗು ತಗ್ಗಿಸಿತು, ಗಾಯಾಳುಗಳ ಜೊತೆ ಟ್ಯಾಂಪಾದಲ್ಲಿ ಇಳಿಯಿತು. ನವೆಂಬರ್ 28ರಂದು ಏರ್‌ಬಸ್ ಒಂದು ಪ್ರಕಟಣೆ ಕೊಟ್ಟಿತು: ತೀವ್ರ ಸೌರ ವಿಕಿರಣ ಹಾರಾಟ ನಿಯಂತ್ರಣಕ್ಕೆ ಬೇಕಾದ ಡೇಟಾವನ್ನು ಕೆಡಿಸಬಹುದು, ಸುಮಾರು 6,000 ವಿಮಾನಗಳನ್ನು ಸರಿಪಡಿಸಬೇಕು. ಇಲ್ಲಿ ತೊಂದರೆ ಇಲ್ಯಾಕ್ ಅನ್ನುವ ಕಂಪ್ಯೂಟರ್‌ನ ಹೊಸ ಸಾಫ್ಟ್‌ವೇರ್‌ನಲ್ಲಿತ್ತು. ಹಳೇ ಸಾಫ್ಟ್‌ವೇರ್‌ಗೆ ವಾಪಸ್ ಹೋಗುವುದೇ ಹೆಚ್ಚಿನ ವಿಮಾನಗಳಿಗೆ ಪರಿಹಾರ. ಭಾರತದಲ್ಲೇ 338 ವಿಮಾನಗಳು, ಇಂಡಿಗೋ ಮತ್ತು ಏರ್ ಇಂಡಿಯಾ ಗುಂಪಿನವು. ಬೆಂಗಳೂರಿನ ನಿಲ್ದಾಣವೂ ಸೇರಿ ಹಲವು ಕಡೆ ಎಂಜಿನಿಯರ್‌ಗಳು ಆ ವಾರಾಂತ್ಯ ನಿದ್ದೆಗೆಟ್ಟು ಕೆಲಸ ಮುಗಿಸಿದರು.

"ಸೌರ ವಿಕಿರಣ" ಅನ್ನುವ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ಅಕ್ಟೋಬರ್ 30ರಂದು ದೊಡ್ಡ ಸೌರ ಬಿರುಗಾಳಿಯೇ ಇರಲಿಲ್ಲ. ದೊಡ್ಡ ಸಿಡಿತ ಆದದ್ದು ನವೆಂಬರ್ 11ರಂದು, ಎಕ್ಸ್ 5.1 ದರ್ಜೆಯದ್ದು, ಎಕ್ಸ್ ಅಂದರೆ ಅತಿ ಪ್ರಬಲ ವರ್ಗ. ಅಕ್ಟೋಬರ್‌ನಲ್ಲಿ ಕಣವೇ ಬಡಿದಿದ್ದರೆ ಅದು ಗ್ಯಾಲಕ್ಸಿಯಿಂದ ಬಂದ, ದಿನದ 24 ಗಂಟೆಯೂ ಸುರಿಯುವ ಮಾಮೂಲಿ ಮಳೆಯ ಒಂದು ಹನಿಯೇ ಆಗಿರುವ ಸಾಧ್ಯತೆ ಜಾಸ್ತಿ. ಈ ವ್ಯತ್ಯಾಸ ಸಣ್ಣದಲ್ಲ. ಸೌರ ಬಿರುಗಾಳಿಯಾದರೆ ಮುನ್ಸೂಚನೆ ಕೊಡಬಹುದು, ಆ ದಿನ ಕೆಳಗೆ ಹಾರಬಹುದು, ದಾರಿ ಬದಲಿಸಬಹುದು. ಗ್ಯಾಲಕ್ಸಿಯ ಕಣಕ್ಕೆ ಮುನ್ಸೂಚನೆ ಇಲ್ಲ. ಸೂರ್ಯನನ್ನು ನೋಡಲು ಭಾರತ 2023ರಲ್ಲಿ ಆದಿತ್ಯ ಎಲ್1 ಕಳಿಸಿದೆ, ಅದರ ಮುಖ್ಯ ಉಪಕರಣವನ್ನು ಕಟ್ಟಿದ್ದು ಬೆಂಗಳೂರಿನ ಭಾರತೀಯ ಖಭೌತವಿಜ್ಞಾನ ಸಂಸ್ಥೆ, ಬಹಳ ಹೆಮ್ಮೆಯ ವಿಷಯ. ಆದರೆ ಅಂಥ ಹತ್ತು ನೌಕೆ ಇದ್ದರೂ ಕ್ವಾಂಟಸ್ 72ಕ್ಕೆ ಎಚ್ಚರಿಕೆ ಕೊಡಲು ಆಗುತ್ತಿರಲಿಲ್ಲ. ಉಳಿದಿರುವ ದಾರಿ ಒಂದೇ, ಬಿಟ್ ಬದಲಾದರೂ ವಿಮಾನ ಹದ ತಪ್ಪದಂತೆ ಕಟ್ಟುವುದು.

ಅದರ ಜೊತೆಗೆ ಇನ್ನೊಂದು ಕೆಲಸ ಆಗಬೇಕು ಅಂತ ನನ್ನ ಒತ್ತಾಯ. ಇಂದಿನ ಒಳ್ಳೆಯ ಮೆಮೊರಿಗಳು ಒಂದು ಬಿಟ್ ಬದಲಾದರೆ ತಾವೇ ಪತ್ತೆ ಹಚ್ಚಿ ಸರಿಪಡಿಸಿಕೊಳ್ಳುತ್ತವೆ. ಸರಿಯಾಯಿತಲ್ಲ ಅಂತ ಆ ಘಟನೆಯನ್ನು ಮರೆತುಬಿಡಬಾರದು. ಪ್ರತಿ ಸಲವೂ ಎತ್ತರ, ಅಕ್ಷಾಂಶ, ರೇಖಾಂಶ, ಸಮಯ ಬರೆದಿಟ್ಟುಕೊಂಡು, ಎಲ್ಲ ವಿಮಾನ ಕಂಪನಿಗಳಿಂದಲೂ ಒಂದು ಕಡೆ ಸೇರಿಸಬೇಕು. ಭಾಭಾ ಬೆಂಗಳೂರಿನ ಮೇಲೆ ಮಾಡಿದ ಹೋಲಿಕೆಯನ್ನೇ ಇಲ್ಲೂ ಮಾಡಬಹುದು. ಬೆಂಗಳೂರು–ದೆಹಲಿ ವಿಮಾನ ಕಾಂತಕ್ಷೇತ್ರದ ಒಳ್ಳೆ ಆಸರೆಯಲ್ಲಿ ಹಾರುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲೆ ಹಾದು ಬೆಂಗಳೂರಿಗೆ ಬಂದ ದಾರಿಯಲ್ಲಿ ಆ ಆಸರೆ ಹೆಚ್ಚುಕಡಿಮೆ ಇಲ್ಲ. ಎರಡೂ ದಾರಿಯಲ್ಲಿ ಸರಿಪಡಿಸಿದ ಬಿಟ್‌ಗಳನ್ನು ಎಣಿಸಿ. ಧ್ರುವದ ದಾರಿಯಲ್ಲಿ, ಅದೇ ಎತ್ತರದಲ್ಲಿ, ಗಂಟೆಗೆ ಹಲವು ಪಟ್ಟು ಜಾಸ್ತಿ ಬಂದರೆ ಅದು ಕಣಗಳದ್ದೇ ಕೆಲಸ. ಎರಡೂ ಒಂದೇ ಬಂದರೆ ತಪ್ಪು ಚಿಪ್‌ನಲ್ಲಿದೆ, ಆಕಾಶದಲ್ಲಿ ಅಲ್ಲ. ಒಂದೇ ಪೆಟ್ಟಿಗೆಯಲ್ಲಿ ಪದೇ ಪದೇ ಬಂದರೆ ಆ ಪೆಟ್ಟಿಗೆಯನ್ನು ದೊಡ್ಡ ತೊಂದರೆ ಆಗುವವರೆಗೆ ಕಾಯದೆ ವಿಮಾನದಿಂದ ಇಳಿಸಬಹುದು. 2006ರ ಸೆಪ್ಟೆಂಬರ್‌ನಲ್ಲಿ ಅಂಥ ದಾಖಲೆ ಇದ್ದಿದ್ದರೆ, ಆ ಪೆಟ್ಟಿಗೆ 2008ರ ಅಕ್ಟೋಬರ್‌ನಲ್ಲಿ ಬಹುಶಃ ಆ ವಿಮಾನದಲ್ಲಿ ಇರುತ್ತಿರಲಿಲ್ಲ.